ಹಲ್ಲು ಹೇಳುವ ಸಾಕ್ಷಿ

ನಮ್ಮ ಪಾಠಶಾಲೆಯ ಸ್ಮರಣಸಂಚಿಕೆಗಾಗಿ, ಶಾಲೆಯನ್ನು ಬಿಟ್ಟ ಬಳಿಕ ನಾನು ಕೈಕೊಂಡ ಉಚ್ಚ ವ್ಯಾಸಂಗದ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆದುಕೊಡಬೇಕೆಂದು ಮುಖ್ಯೋಪಾಧ್ಯಾಯಿನಿಯವರು ಅಪ್ಪಣೆ ಮಾಡಿರುವರು. ಹಿಂದಿನ ವಿದ್ಯಾರ್ಥಿನಿಯರು ಇಂಥ ಸಂಚಿಕೆಗಳಲ್ಲಿ ದಾದಿಯ ಕೆಲಸ, ಉಪಾಧ್ಯಾಯಿನಿಯ ಕೆಲಸ, ವೈದ್ಯವೃತ್ತಿ ಮೊದಲಾದವುಗಳನ್ನು ಕುರಿತು ಬರೆಯುವುದು ವಾಡಿಕೆ. ಅವುಗಳ ಹೆಸರನ್ನು ಹೇಳಿದ ಮಾತ್ರಕ್ಕೆ ಅವು ಎಲ್ಲರಿಗೂ ತಿಳಿಯುತ್ತವೆ. ನನ್ನ ವಿಷಯದ ಹೆಸರನ್ನು ಕೇಳಿದವರಾದರೋ ಕೊಂಚ ಹೊತ್ತು ಸುಮ್ಮನಿದ್ದು, ಅನಂತರ "ಹಾಗೆಂದರೇನು?" ಎಂದು ಪ್ರಶ್ನಿಸುವರು. ಆದಕಾರಣ ಮೊದಲು ಅದನ್ನೇ ವಿವರಿಸುವುದು ಯುಕ್ತವೆಂದು ತೋರುತ್ತದೆ.

ಇದನ್ನು ಪಾಶ್ಚಾತ್ಯರು ಫೊರೆನ್ಸಿಕ್ ಓಡಾಂಟಾಲಜಿ ಎಂದು ಕರೆಯುವರು. ನಾವು ನ್ಯಾಯದಂತಶಾಸ್ತ್ರವೆಂದು ಕರೆಯಬಹುದು. ಹಲ್ಲುಗಳನ್ನೂ ದವಡೆಯನ್ನೂ ಪರೀಕ್ಷಿಸಿ, ಅವುಗಳಿಂದ ತಿಳಿದುಬಂದುದನ್ನು ನ್ಯಾಯಸ್ಥಾನದ ಮುಂದೆ ಅರಿಕೆ ಮಾಡುವುದೇ ಈ ಶಾಸ್ತ್ರದ ಕೆಲಸ. ಮುಖ್ಯವಾಗಿ ಅದು ಮೂರು ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುತ್ತದೆ. ಗುರುತು ಸಿಕ್ಕದ ಈ ದೇಹವು ಯಾರದು? ಕಾಗದಪತ್ರವಿಲ್ಲದ ಈ ಮನುಷ್ಯನ ವಯಸ್ಸೆಷ್ಟು? ಮೈಮೇಲೆ ಬಿದ್ದಿರುವ ಈ ಕಚ್ಚಿದ ಗುರುತು ಯಾರ ಹಲ್ಲಿನದು? ಈ ಮೂರರಲ್ಲಿ ಮೊದಲೆರಡು ಪ್ರಶ್ನೆಗಳಿಗೆ ಹಲ್ಲು ಬಹಳ ಮಟ್ಟಿಗೆ ನಂಬತಕ್ಕ ಉತ್ತರವನ್ನು ಕೊಡುವುದೆಂದೂ, ಮೂರನೆಯದಕ್ಕೆ ಅಷ್ಟು ಸುಲಭವಾಗಿ ಕೊಡಲಾರದೆಂದೂ ನಾನು ಕಲಿತೆನು. ಈ ವ್ಯತ್ಯಾಸವನ್ನು ಅರಿಯುವುದೇ ನನ್ನ ವ್ಯಾಸಂಗದ ಸಾರವೆಂದು ಹೇಳಿದರೂ ಸಲ್ಲುವುದು.

ನಾನು ಹುಟ್ಟಿ ಬೆಳೆದುದು ಹುಮನಾಬಾದಿನಲ್ಲಿ. ತಾಯಿಯವರ ತವರು ಬಸವಕಲ್ಯಾಣ. ಸೊಲ್ಲಾಪುರದ ಕಡೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯೂ ಬೀದರಿನಿಂದ ಕಲಬುರಗಿಗೆ ಹೋಗುವ ಹೆದ್ದಾರಿಯೂ ನಮ್ಮ ಊರಿನಲ್ಲಿ ಕೂಡುವುದನ್ನು ವಾಚಕರು ಬಲ್ಲರು. ೨೦೧೭ರಲ್ಲಿ ಬೀದರು–ಕಲಬುರಗಿ ರೈಲುಮಾರ್ಗವು ಪೂರ್ಣವಾಗಿ ತೆರೆಯುವವರೆಗೆ ನಮ್ಮ ಕಡೆಯವರ ಹೋಗುಬರುವಿಕೆಯೆಲ್ಲ ಬಹುಮಟ್ಟಿಗೆ ಈ ರಸ್ತೆಗಳ ಮೇಲೆಯೇ ನಡೆಯುತ್ತಿತ್ತು. ನಮ್ಮ ತಂದೆಯವರು ಹೆದ್ದಾರಿಯ ಮಗ್ಗುಲಲ್ಲಿ ಟೈರುಗಳಿಗೆ ಪಂಕ್ಚರು ಹಾಕುವ ಅಂಗಡಿಯನ್ನಿಟ್ಟುಕೊಂಡಿದ್ದರು. ಲಾರಿಯವರ ಸುಖದುಃಖಗಳು ನಮ್ಮ ಮನೆಯ ಸುದ್ದಿಗಳಾಗಿದ್ದವು. ಯಾವ ತಿರುವಿನಲ್ಲಿ ಲಾರಿ ಮಗುಚಿತು, ಎಲ್ಲಿ ಬಸ್ಸಿಗೆ ಬೆಂಕಿ ತಗುಲಿತು ಎಂಬುದನ್ನು ಪತ್ರಿಕೆಗಳು ಅಚ್ಚು ಮಾಡುವ ಮೊದಲೇ ನಾವು ಕೇಳುತ್ತಿದ್ದೆವು.

ದಂತವೈದ್ಯದ ಪದವಿಪರೀಕ್ಷೆಯಾದ ಬಿ.ಡಿ.ಎಸ್.ಅನ್ನು ಮುಗಿಸಿ, ಒಂದು ಕಾಲೇಜಿನ ಆಸ್ಪತ್ರೆಯಲ್ಲಿ ಕಡ್ಡಾಯವಾದ ಒಂದು ವರ್ಷದ ಸೇವೆಯನ್ನು ನಾನು ಸಲ್ಲಿಸುತ್ತಿದ್ದಾಗ, ಬಸವಕಲ್ಯಾಣ ತಾಲೂಕಿನ ಹಳ್ಳಿಯೊಂದರಿಂದ ವಯಸ್ಸಾದ ತಾಯಿಯೊಬ್ಬರು ನಮ್ಮ ವಿಭಾಗಕ್ಕೆ ಬಂದರು. ಅವರ ಮಗನು ಲಾರಿಯ ಮೇಲೆ ಕ್ಲೀನರನಾಗಿದ್ದನು. ಲಾರಿಯು ಮಗುಚಿ ಬೆಂಕಿ ಹತ್ತಿಕೊಂಡು, ಚಾಲಕನೂ ಅವನೂ ಒಳಗೆಯೇ ಸುಟ್ಟುಹೋಗಿದ್ದರು. ಎರಡು ದೇಹಗಳಲ್ಲಿ ಯಾವುದು ಯಾರದೆಂದು ಹೇಳುವುದಕ್ಕೆ ಬಟ್ಟೆಬರೆಯಾಗಲಿ ಮುಖಚಹರೆಯಾಗಲಿ ಉಳಿದಿರಲಿಲ್ಲ. ಇಬ್ಬರ ಬಾಯಲ್ಲಿಯೂ ಬೆಳ್ಳಿ ತುಂಬಿದ ದವಡೆ ಹಲ್ಲುಗಳಿದ್ದವು. ಮಗನ ಹಲ್ಲಿಗೆ ಎರಡು ವರ್ಷಗಳ ಹಿಂದೆ ಇದೇ ಆಸ್ಪತ್ರೆಯಲ್ಲಿ ಬೆಳ್ಳಿ ತುಂಬಿಸಿದ್ದರೆಂಬುದು ತಾಯಿಗೆ ನೆನಪಿತ್ತು. ಅದು ಯಾವ ಹಲ್ಲೆಂಬುದು ನೆನಪಿರಲಿಲ್ಲ. "ನೀವು ಬರ್ದಿಟ್ಟಿರ್ತೀರಿ ನೋಡವ್ವಾ, ಜರಾ ತೆಗದು ನೋಡ್ರಿ" ಎಂದು ಅವರು ನನ್ನನ್ನು ಕೇಳಿಕೊಂಡರು.

ನಾನು ಕಪಾಟುಗಳನ್ನು ಒಂದೊಂದಾಗಿ ಹುಡುಕಿದೆನು. ರೋಗಿಗಳ ಹಳೆಯ ಚೀಟಿಗಳನ್ನು ವರ್ಷ ತುಂಬಿದೊಡನೆ ರದ್ದಿಗೆ ಹಾಕುವ ಪದ್ಧತಿ ಅಲ್ಲಿ ನಡೆದುಬಂದಿದ್ದಿತು. ಕೆಳಗಿನ ಬಲಗಡೆಯ ಆರನೆಯ ಹಲ್ಲೋ, ಎಡಗಡೆಯ ಏಳನೆಯ ಹಲ್ಲೋ ಎಂಬ ಒಂದೇ ಒಂದು ಸಾಲು ಸಿಕ್ಕಿದ್ದರೆ ಆ ತಾಯಿ ಅದೇ ದಿನ ಮಗನನ್ನು ಊರಿಗೆ ಕೊಂಡೊಯ್ಯಬಹುದಾಗಿತ್ತು. ಆ ಸಾಲು ಸಿಕ್ಕಲಿಲ್ಲ. ಕಡೆಗೆ ಅವರ ರಕ್ತವನ್ನು ತೆಗೆದುಕೊಂಡು ಡಿ.ಎನ್.ಎ. ಪರೀಕ್ಷೆಗೆ ಕಳುಹಿಸಿದರು. ಅದರ ಫಲಿತಾಂಶ ಬರುವವರೆಗೆ ಆರು ವಾರಗಳ ಕಾಲ ಆ ಮನೆಯಲ್ಲಿ ಮಣ್ಣೂ ಆಗಲಿಲ್ಲ, ದಿನವೂ ಆಗಲಿಲ್ಲ. ಸತ್ತವನಿಗಾಗಿ ಅಳಬೇಕೋ, ಯಾವುದೋ ತಪ್ಪಿನಿಂದ ಬದುಕಿ ಬಂದಾನೆಂದು ಕಾಯಬೇಕೋ ತಿಳಿಯದೆ ಆ ತಾಯಿ ಕುಳಿತಿದ್ದರೆಂದು ಅವರ ಊರಿನವರು ಬಳಿಕ ನನಗೆ ಹೇಳಿದರು. ನಾನು ಕಲಿತ ದಂತವೈದ್ಯವು ಬದುಕಿರುವವರ ನೋವಿಗೆ ಮಾತ್ರವೇ ಇರುವುದಲ್ಲವೆಂದು ನನಗೆ ಮನವರಿಕೆಯಾದುದು ಆಗ.

ಈ ಶಾಸ್ತ್ರದಲ್ಲಿಯೇ ಮುಂದಿನ ವ್ಯಾಸಂಗವನ್ನು ಮಾಡುವೆನೆಂದು ಮನೆಯಲ್ಲಿ ತಿಳಿಸಿದಾಗ ಯಾರಿಗೂ ಹಿತವೆನಿಸಲಿಲ್ಲ. ದಂತವೈದ್ಯದಲ್ಲಿ ಎಂ.ಡಿ.ಎಸ್. ಎಂಬ ಮೂರು ವರ್ಷಗಳ ಉನ್ನತ ಪದವಿಯುಂಟು. ವಕ್ರದಂತಗಳನ್ನು ಸರಿಪಡಿಸುವುದು, ಕೃತಕ ದಂತಗಳನ್ನು ಕೂಡಿಸುವುದು ಮೊದಲಾದ ಶಾಖೆಗಳನ್ನು ಹಿಡಿದವರಿಗೆ ಹಣವೂ ಮನ್ನಣೆಯೂ ಬರುತ್ತವೆ. ನಮ್ಮ ಶಾಸ್ತ್ರವು ಆ ಶಾಖೆಗಳ ಸಾಲಿನಲ್ಲಿ ಪ್ರತ್ಯೇಕವಾಗಿ ಸೇರಿಲ್ಲ. ಬಾಯಿಯ ರೋಗನಿದಾನವನ್ನು ಕಲಿಸುವ ಶಾಖೆಯಲ್ಲಿ ಅದು ಒಂದು ಭಾಗವಾಗಿ ಬರುತ್ತದೆ. ಅದನ್ನೇ ಮುಖ್ಯವಾಗಿ ಕಲಿಯಬೇಕೆನ್ನುವವರು ಗುಜರಾತಿನ ಗಾಂಧಿನಗರದಲ್ಲಿರುವ ವಿಧಿವಿಜ್ಞಾನಗಳ ವಿಶ್ವವಿದ್ಯಾನಿಲಯಕ್ಕೆ ಹೋಗಿ ಎರಡು ವರ್ಷಗಳ ಎಂ.ಎಸ್ಸಿ. ಪದವಿಯನ್ನು ಓದುವರು. ಆ ವಿದ್ಯಾಲಯಕ್ಕೆ ೨೦೨೦ರಲ್ಲಿ ಪಾರ್ಲಿಮೆಂಟಿನ ಕಾಯಿದೆಯಿಂದ ರಾಷ್ಟ್ರೀಯ ವಿಶ್ವವಿದ್ಯಾನಿಲಯದ ಸ್ಥಾನವು ದೊರೆಯಿತು. "ಹಲ್ಲು ಕೀಳುವ ವಿದ್ಯೆ ಕಲಿತದ್ದು ಸಾಲದೇ, ಇನ್ನು ಹೆಣದ ಬಾಯಿ ನೋಡುವ ವಿದ್ಯೆ ಬೇರೆ ಬೇಕೇ? ನಾಳೆ ಕನ್ಯೆ ಕೇಳಲು ಬಂದವರಿಗೆ ಏನು ಹೇಳುವುದು?" ಎಂದು ಚಿಕ್ಕಪ್ಪನವರು ಕೇಳಿದರು. ತಂದೆಯವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ರಸ್ತೆಯ ಮೇಲೆ ಸತ್ತವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರ ಮನೆಗೆ ಸುದ್ದಿ ಮುಟ್ಟಿಸುವ ಒಬ್ಬರು ಬೇಕು. ಹೋಗಲಿ ಬಿಡು" ಎಂದು ಹೇಳಿ ಎದ್ದುಹೋದರು. ನನಗೆ ಅಷ್ಟೇ ಸಾಕಾಗಿತ್ತು.

ಆ ಎರಡು ವರ್ಷಗಳಲ್ಲಿ ಕಲಿತುದನ್ನೆಲ್ಲ ಇಲ್ಲಿ ಬರೆಯಲು ಸ್ಥಳವಿಲ್ಲ. ಆದರೂ ಹಲ್ಲೆಂಬುದು ಎಂಥ ವಸ್ತುವೆಂಬುದನ್ನು ನನ್ನ ತಂಗಿಯರು ತಿಳಿಯಬೇಕು. ನಮ್ಮ ದೇಹದಲ್ಲಿ ಎಲ್ಲಕ್ಕಿಂತ ಗಟ್ಟಿಯಾದುದು ಹಲ್ಲಿನ ಮೇಲಣ ಬಿಳಿಯ ಹೊದಿಕೆ. ಅದರ ತೂಕದಲ್ಲಿ ನೂರಕ್ಕೆ ೯೬ ಭಾಗದಷ್ಟು ಖನಿಜವೇ ಆಗಿದೆ. ಮಾಂಸವು ಕರಗಿ ಎಲುಬು ಪುಡಿಯಾದ ಮೇಲೂ ಹಲ್ಲು ಮಣ್ಣಿನಲ್ಲಿ ಉಳಿಯುತ್ತದೆ. ಬೆಂಕಿಯಲ್ಲಿ ಅದು ಮೊದಲು ಕಂದಾಗಿ, ಕಪ್ಪಾಗಿ, ಬೂದಿಬಣ್ಣಕ್ಕೆ ತಿರುಗಿ, ಕೊನೆಗೆ ಸುಣ್ಣದಂತೆ ಬೆಳ್ಳಗಾಗುತ್ತದೆ. ತುಟಿ ಕೆನ್ನೆ ನಾಲಗೆಗಳ ಮರೆಯಲ್ಲಿರುವ ಹಿಂದಿನ ದವಡೆ ಹಲ್ಲುಗಳಾದರೋ ಎಷ್ಟೋ ಸಲ ಕೆಡದೆ ಉಳಿಯುತ್ತವೆ. ಹಲ್ಲಿನ ನಡುವಣ ತಿರುಳಿನಲ್ಲಿ ಡಿ.ಎನ್.ಎ. ಸಹ ಭದ್ರವಾಗಿರುವುದುಂಟು. ಹಾಲುಹಲ್ಲುಗಳು ಇಪ್ಪತ್ತು, ಶಾಶ್ವತ ಹಲ್ಲುಗಳು ಮೂವತ್ತೆರಡು. ಒಂದೊಂದರಲ್ಲಿಯೂ ಸವೆತ, ಹುಳುಕು, ಓರೆ, ತುಂಬಿದ ಬೆಳ್ಳಿ, ಕಿತ್ತ ಜಾಗ ಇವು ಬೇರೆಬೇರೆಯಾಗಿರುವುದರಿಂದ ಇಬ್ಬರ ಬಾಯಿಗಳು ಎಲ್ಲ ವಿಧದಲ್ಲಿಯೂ ಒಂದೇ ಆಗಿರುವುದು ಬಹಳ ಅಪರೂಪ. ಬೀಸುವ ಕಲ್ಲಿನಲ್ಲಿ ಬೀಸಿದ ಹಿಟ್ಟಿನ ರೊಟ್ಟಿಯನ್ನುಂಡವರ ಹಲ್ಲಿನ ಸವೆತವು ಬೇರೆ, ಮಿಶ್ರಿಯನ್ನು ತಿಕ್ಕುವ ನಮ್ಮ ಕಡೆಯ ಹೆಣ್ಣುಮಕ್ಕಳ ಹಲ್ಲಿನ ಕಲೆ ಬೇರೆ. ಬಾಳಿದ ಬಾಳುವೆಯೆಲ್ಲ ಹಲ್ಲಿನ ಮೇಲೆ ಕೊರೆದಂತೆ ಇರುತ್ತದೆ.

ಹಲ್ಲಿನಿಂದ ಸತ್ತವರನ್ನು ಗುರುತಿಸುವುದನ್ನು ಒಂದು ಶಾಸ್ತ್ರವಾಗಿ ಬೆಳೆಯಿಸಿದ ಸಂಗತಿಯು ಪ್ಯಾರಿಸ್ ನಗರದಲ್ಲಿ ನಡೆಯಿತು. ೧೮೯೭ನೆಯ ಇಸವಿಯ ಮೇ ತಿಂಗಳ ೪ನೆಯ ತಾರೀಖು ಅಲ್ಲಿ ಧರ್ಮಾರ್ಥವಾಗಿ ಏರ್ಪಡಿಸಿದ್ದ ಒಂದು ಮಾರಾಟದ ಮೇಳಕ್ಕೆ ಬೆಂಕಿ ತಗುಲಿ ನೂರಿಪ್ಪತ್ತಕ್ಕೂ ಹೆಚ್ಚು ಜನರು ಬೆಂದುಹೋದರು. ಅವರಲ್ಲಿ ಬಹುಮಂದಿ ಸ್ತ್ರೀಯರು. ಒಡವೆಗಳಿಂದಲೂ ಬಟ್ಟೆಯ ಚೂರುಗಳಿಂದಲೂ ಗುರುತಿಸಲಾಗದೆ ಉಳಿದವರಿಗಾಗಿ ಅವರ ದಂತವೈದ್ಯರನ್ನು ಕರೆಯಿಸಲಾಯಿತು. ತಾವು ಬರೆದಿಟ್ಟಿದ್ದ ಪುಸ್ತಕಗಳನ್ನು ನೋಡಿ ಆ ವೈದ್ಯರು ಅನೇಕರ ಹೆಸರನ್ನು ಹೇಳಿದರು. ಆಸ್ಟ್ರಿಯಾ ದೇಶದ ಚಕ್ರವರ್ತಿನಿಯ ತಂಗಿಯಾದ ಆಲಾಂಸೋನ್ ಪ್ರಾಂತದ ಡಚೆಸ್ ಸಹ ಹೀಗೆಯೇ ಗುರುತಿಸಲ್ಪಟ್ಟರು. ಈ ವೃತ್ತಾಂತವನ್ನು ಸಂಗ್ರಹಿಸಿ, ಕ್ಯೂಬಾ ದೇಶದಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ದಂತವೈದ್ಯವನ್ನು ಬೋಧಿಸುತ್ತಿದ್ದ ಆಸ್ಕರ್ ಅಮೊಯೆಡೊ ಎಂಬವರು ೧೮೯೮ರಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ನಮ್ಮ ಶಾಸ್ತ್ರಕ್ಕೆ ಅದೇ ಆದಿಗ್ರಂಥವೆನ್ನುವರು.

ಈ ಕಥೆಯಲ್ಲಿ ಗಮನಿಸತಕ್ಕ ಒಂದು ಅಂಶವುಂಟು. ಹಲ್ಲು ತಾನಾಗಿಯೇ ಹೆಸರನ್ನು ಹೇಳಲಾರದು. ಬದುಕಿದ್ದಾಗ ಯಾರಾದರೂ ಅದನ್ನು ನೋಡಿ ಬರೆದಿಟ್ಟಿದ್ದರೆ ಮಾತ್ರ ಸತ್ತಮೇಲೆ ಅದು ನುಡಿಯುತ್ತದೆ. ೨೦೦೪ನೆಯ ಇಸವಿಯ ಡಿಸೆಂಬರ್ ೨೬ರಂದು ಸುನಾಮಿಯು ಥೈಲೆಂಡಿನ ಕರಾವಳಿಯನ್ನು ಬಡಿದಾಗ, ಮೊದಲ ತಿಂಗಳುಗಳಲ್ಲಿ ಗುರುತಿಸಲ್ಪಟ್ಟವರಲ್ಲಿ ಹೆಚ್ಚಿನವರು ಹಲ್ಲಿನಿಂದಲೇ ಗುರುತಿಸಲ್ಪಟ್ಟರು. ಅವರು ಬಹುತೇಕವಾಗಿ ಪರದೇಶದ ಪ್ರವಾಸಿಗಳು. ಅವರ ಊರುಗಳಲ್ಲಿ ದಂತವೈದ್ಯರು ಚೀಟಿಗಳನ್ನೂ ಕ್ಷಕಿರಣ ಚಿತ್ರಗಳನ್ನೂ ಜೋಪಾನವಾಗಿಟ್ಟಿದ್ದರು. ನಮ್ಮ ಕರ್ನಾಟಕದಲ್ಲಿಯೇ ೨೦೧೦ನೆಯ ಇಸವಿಯ ಮೇ ೨೨ರಂದು ಮಂಗಳೂರಿನಲ್ಲಿ ವಿಮಾನವು ಕಮರಿಗೆ ಉರುಳಿ ೧೫೮ ಜನರು ಮಡಿದರು. ೮ ಮಂದಿ ಮಾತ್ರ ಉಳಿದುಕೊಂಡರು. ರಕ್ತಸಂಬಂಧಿಗಳ ಡಿ.ಎನ್.ಎ. ಪರೀಕ್ಷೆಯಾದ ಮೇಲೂ ೧೨ ದೇಹಗಳು ಯಾರವೆಂದು ತಿಳಿಯದೆ ಕೂಳೂರಿನ ಬಳಿ ಮಣ್ಣಾದವು. ಬೆರಳಿನ ಗುರುತು, ಹಲ್ಲು, ಡಿ.ಎನ್.ಎ. ಈ ಮೂರನ್ನೂ ಸಮಾನವಾದ ಮುಖ್ಯ ಸಾಕ್ಷ್ಯಗಳೆಂದು ಅಂತರರಾಷ್ಟ್ರೀಯ ಪೋಲೀಸ್ ಸಂಸ್ಥೆಯಾದ ಇಂಟರ್‌ಪೋಲ್ ಒಪ್ಪುತ್ತದೆ. ಆದರೆ ಬರೆದಿಟ್ಟ ಚೀಟಿಯೇ ಇಲ್ಲದ ದೇಶದಲ್ಲಿ ಆ ಮೂರರಲ್ಲಿ ಒಂದು ಮೂಕವಾಗಿಯೇ ಉಳಿಯುತ್ತದೆ.

ಇನ್ನು ವಯಸ್ಸಿನ ವಿಷಯ. ಇದು ಸತ್ತವರದಲ್ಲ, ಬದುಕಿರುವವರದು, ಅದರಲ್ಲಿಯೂ ಹೆಣ್ಣುಮಕ್ಕಳದು. ನಮ್ಮ ಕಡೆಯ ಶಾಲೆಗಳ ಹಳೆಯ ಪ್ರವೇಶದ ಪುಸ್ತಕಗಳನ್ನು ತೆರೆದು ನೋಡಿದರೆ, ಎಷ್ಟೋ ಮಕ್ಕಳು ಜೂನ್ ತಿಂಗಳ ಒಂದನೆಯ ತಾರೀಖಿನಂದೇ ಹುಟ್ಟಿದಂತೆ ಕಾಣುವುದು. ನಮ್ಮ ಆಯಿಯವರಿಗೆ ತಮ್ಮ ವಯಸ್ಸನ್ನು ಕೇಳಿದರೆ, ಯಾವುದೋ ಬರಗಾಲವನ್ನೋ ವೀರಭದ್ರೇಶ್ವರನ ಜಾತ್ರೆಯನ್ನೋ ನೆನೆದು ಲೆಕ್ಕ ಹಾಕುತ್ತಿದ್ದರು. ಹಿಂದಿನವರಿಗೆ ಅದು ನಗುವಿನ ಮಾತಾಗಿತ್ತು. ಈಗ ಕಾನೂನಿನ ಮುಂದೆ ಅದು ನಗುವಿನ ಮಾತಲ್ಲ. ಹದಿನೆಂಟು ತುಂಬದ ಹುಡುಗಿಯ ವಿವಾಹವು ೨೦೦೬ರ ಬಾಲ್ಯವಿವಾಹ ನಿಷೇಧದ ಕಾಯಿದೆಯ ಪ್ರಕಾರ ಅಪರಾಧಕ್ಕೆ ಎಡೆಗೊಡುತ್ತದೆ. ಹದಿನೆಂಟರೊಳಗಿನ ಮಕ್ಕಳ ಮೇಲೆ ನಡೆದ ದೌರ್ಜನ್ಯಗಳಿಗೆ ೨೦೧೨ರ ಪ್ರತ್ಯೇಕ ಕಾಯಿದೆಯುಂಟು. ಹೀಗಾಗಿ ಹುಡುಗಿಯೊಬ್ಬಳಿಗೆ ಹದಿನೇಳೋ ಹದಿನೆಂಟೋ ಎಂಬ ಒಂದೇ ಪ್ರಶ್ನೆಯ ಮೇಲೆ ಅವಳ ಮುಂದಿನ ಬಾಳೆಲ್ಲ ನಿಂತಿರುವುದುಂಟು.

ಹಲ್ಲಿನಿಂದ ವಯಸ್ಸನ್ನು ಅಳೆಯುವ ವಿಚಾರವು ಹುಟ್ಟಿದುದೂ ಮಕ್ಕಳ ರಕ್ಷಣೆಗಾಗಿಯೇ ಎಂಬುದನ್ನು ಓದಿ ನನಗೆ ಬಹಳ ಸಂತೋಷವಾಯಿತು. ಇಂಗ್ಲೆಂಡಿನ ೧೮೩೩ರ ಕಾರ್ಖಾನೆಗಳ ಕಾಯಿದೆಯು ಒಂಬತ್ತು ವರ್ಷದೊಳಗಿನ ಮಕ್ಕಳನ್ನು ನೂಲಿನ ಗಿರಣಿಗಳಲ್ಲಿ ದುಡಿಸಬಾರದೆಂದೂ, ಹದಿಮೂರರೊಳಗಿನವರ ಕೆಲಸದ ಹೊತ್ತಿಗೆ ಮಿತಿಯಿರಬೇಕೆಂದೂ ವಿಧಿಸಿತು. ಹುಟ್ಟಿದ ದಿನದ ದಾಖಲೆಯಿಲ್ಲದ ಬಡ ಮಕ್ಕಳ ವಯಸ್ಸನ್ನು ಅವರ ಎತ್ತರವನ್ನು ನೋಡಿ ನಿರ್ಣಯಿಸುತ್ತಿದ್ದರು. ಎಡ್ವಿನ್ ಸಾಂಡರ್ಸ್ ಎಂಬ ದಂತವೈದ್ಯರು ಸುಮಾರು ಒಂದು ಸಾವಿರ ಮಕ್ಕಳ ಬಾಯಿಗಳನ್ನು ಪರೀಕ್ಷಿಸಿ, ಎತ್ತರಕ್ಕಿಂತ ಹಲ್ಲುಗಳೇ ವಯಸ್ಸಿಗೆ ಹೆಚ್ಚು ನಂಬತಕ್ಕ ಸಾಕ್ಷಿಯೆಂದು ೧೮೩೭ರಲ್ಲಿ ಪಾರ್ಲಿಮೆಂಟಿನ ಮುಂದೆ ಸಾಧಿಸಿದರು. ಆರನೆಯ ವರ್ಷಕ್ಕೆ ಮೊದಲ ಶಾಶ್ವತ ದವಡೆ ಹಲ್ಲು, ಹನ್ನೆರಡಕ್ಕೆ ಎರಡನೆಯದು, ಹದಿನೇಳರ ಅನಂತರ ಯಾವಾಗಲೋ ಬುದ್ಧಿಯ ಹಲ್ಲು ಎಂಬ ಕ್ರಮವನ್ನು ನಮ್ಮ ಮನೆಗಳಲ್ಲಿ ಮಕ್ಕಳನ್ನು ನೋಡಿದರೂ ತಿಳಿಯಬಹುದು. ಇನ್ನೂ ಆಶ್ಚರ್ಯವಾದುದೇನೆಂದರೆ, ಮಗು ಗರ್ಭದಲ್ಲಿರುವಾಗಲೇ ಹಾಲುಹಲ್ಲು ಬೆಳೆಯತೊಡಗಿ, ಅದು ಹುಟ್ಟಿದ ಹೊತ್ತಿನಲ್ಲಿ ಒಂದು ಸಣ್ಣ ಗೆರೆಯು ಹಲ್ಲಿನೊಳಗೆ ಮೂಡುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಆ ಗೆರೆಯನ್ನು ಮೊದಲ ಸಲ ನೋಡಿದ ದಿನ ನಾನು ಬಹಳ ಹೊತ್ತು ಎದ್ದು ಬರಲಿಲ್ಲ. ಯಾವ ಕಚೇರಿಯೂ ಬರೆದುಕೊಳ್ಳದ ಹುಟ್ಟನ್ನು ಸೃಷ್ಟಿಯು ಹಲ್ಲಿನಲ್ಲಿ ಬರೆದಿಟ್ಟಿರುತ್ತದೆ. ತಾರೀಖನ್ನು ಮಾತ್ರ ಬರೆದಿರುವುದಿಲ್ಲ.

ಈಗ ಹಲ್ಲುಗಳ ಕ್ಷಕಿರಣ ಚಿತ್ರವನ್ನು ತೆಗೆದು, ಅವು ದವಡೆಯೊಳಗೆ ಎಷ್ಟು ಬೆಳೆದಿವೆಯೆಂಬುದನ್ನು ಎಂಟು ಹಂತಗಳಾಗಿ ವಿಂಗಡಿಸಿ ಲೆಕ್ಕಹಾಕುವರು. ಈ ಕ್ರಮವನ್ನು ೧೯೭೩ರಲ್ಲಿ ಡೆಮಿರ್ಜಿಯನ್ ಎಂಬ ವಿದ್ವಾಂಸರೂ ಅವರ ಜೊತೆಗಾರರೂ ಕೆನಡಾ ದೇಶದಲ್ಲಿ, ಅಲ್ಲಿಯ ಫ್ರೆಂಚ್ ಮೂಲದ ಮಕ್ಕಳನ್ನು ನೋಡಿ ಏರ್ಪಡಿಸಿದರು. ಆ ಮಕ್ಕಳ ಅಳತೆಗೋಲು ನಮ್ಮ ಮಕ್ಕಳಿಗೆ ಹಾಗೆಯೇ ಹೊಂದುವುದೇ? ಹೊಂದದೆಂದು ತೋರಿಸಿ, ಭಾರತೀಯರಿಗೆ ತಕ್ಕ ಸೂತ್ರಗಳನ್ನು ೨೦೧೧ರಲ್ಲಿ ಪ್ರಕಟಿಸಿದವರು ಧಾರವಾಡದ ಎಸ್.ಡಿ.ಎಂ. ದಂತವೈದ್ಯ ಕಾಲೇಜಿನ ಡಾ. ಆಶಿತ್ ಆಚಾರ್ಯರು. ಗಾಂಧಿನಗರದ ಪುಸ್ತಕಾಲಯದಲ್ಲಿ ಕುಳಿತು ಆ ಲೇಖನವನ್ನು ಓದುವಾಗ, ಹೆಸರಿನ ಕೆಳಗೆ ಧಾರವಾಡವೆಂಬ ಮಾತನ್ನು ಕಂಡು ನನಗಾದ ಹೆಮ್ಮೆಯನ್ನು ಹೇಳಲಾರೆನು. ಅಷ್ಟು ದೂರ ಹೋಗಿ ನಾನು ಕಲಿತುದರಲ್ಲಿ ಒಂದು ಮುಖ್ಯವಾದ ಭಾಗವು ನಮ್ಮ ಕನ್ನಡನಾಡಿನಲ್ಲಿಯೇ ಹುಟ್ಟಿದುದಾಗಿತ್ತು.

ಸೂತ್ರವು ಎಷ್ಟೇ ಚೆನ್ನಾಗಿದ್ದರೂ ಅದಕ್ಕೊಂದು ಮಿತಿಯುಂಟು. ಹದಿನಾರರ ಅನಂತರ ಬೆಳೆಯುತ್ತಿರುವ ಹಲ್ಲೆಂದರೆ ಬುದ್ಧಿಯ ಹಲ್ಲೊಂದೇ. ಅದರ ಬೇರು ಕೆಲವರಲ್ಲಿ ಬೇಗನೆ ಮುಗಿಯುತ್ತದೆ, ಕೆಲವರಲ್ಲಿ ಬಹಳ ತಡವಾಗುತ್ತದೆ, ಮತ್ತೆ ಕೆಲವರಿಗೆ ಆ ಹಲ್ಲೇ ಇರುವುದಿಲ್ಲ. ಕಾನೂನಿಗೆ ಅತ್ಯಗತ್ಯವಾದ ಹದಿನೆಂಟರ ಗೆರೆಯ ಬಳಿಯಲ್ಲಿಯೇ ನಮ್ಮ ಸಾಕ್ಷಿಯ ದನಿಯು ತಗ್ಗುವುದು ಈ ಶಾಸ್ತ್ರದ ದೊಡ್ಡ ಕಷ್ಟ. ಎಲುಬಿನ ಪರೀಕ್ಷೆಯಲ್ಲಿಯೂ ಎರಡು ವರ್ಷಗಳಷ್ಟು ಹೆಚ್ಚುಕಡಮೆಯಾಗಬಹುದೆಂದು ಸುಪ್ರೀಂ ಕೋರ್ಟು ೧೯೮೨ರಲ್ಲಿಯೇ ಹೇಳಿದೆ.

ನನ್ನ ವ್ಯಾಸಂಗದ ಎರಡನೆಯ ವರ್ಷದಲ್ಲಿ ಆಸ್ಪತ್ರೆಯೊಂದಕ್ಕೆ ನಮ್ಮ ಅಧ್ಯಾಪಕಿಯವರೊಡನೆ ಹೋಗಿದ್ದಾಗ ಒಬ್ಬ ಹುಡುಗಿಯನ್ನು ಪರೀಕ್ಷೆಗೆ ಕರೆತಂದರು. ಅವಳು ಶಾಲೆಯ ಮೆಟ್ಟಿಲನ್ನು ಹತ್ತಿದವಳಲ್ಲ. ಊರಿನ ಕಚೇರಿಯಲ್ಲಿಯೂ ಅವಳ ಹುಟ್ಟು ದಾಖಲಾಗಿರಲಿಲ್ಲ. ಅವಳನ್ನು ಮದುವೆ ಮಾಡಿಕೊಂಡ ಮನೆಯವರು ಹತ್ತೊಂಬತ್ತೆಂದು ಹೇಳುತ್ತಿದ್ದರು; ತವರಿನ ಕಡೆಯವರೊಬ್ಬರು ಹದಿನೈದೆಂದು ಹೇಳುತ್ತಿದ್ದರು. ಇಬ್ಬರಿಗೂ ತಮ್ಮ ತಮ್ಮ ಕಾರಣಗಳಿದ್ದವು. ಅಧ್ಯಾಪಕಿಯವರು ಚಿತ್ರವನ್ನು ದೀಪದ ಮುಂದಿಟ್ಟು ಬಹಳ ಹೊತ್ತು ನೋಡಿದರು. ಬುದ್ಧಿಯ ಹಲ್ಲುಗಳ ಬೇರುಗಳ ತುದಿಗಳು ಇನ್ನೂ ತೆರೆದೇ ಇದ್ದವು. ಅವರು ತಮ್ಮ ವರದಿಯಲ್ಲಿ, ವಯಸ್ಸು ಹದಿನಾರಕ್ಕೂ ಹತ್ತೊಂಬತ್ತಕ್ಕೂ ನಡುವೆ ಇರಬಹುದೆಂದೂ, ಹದಿನೆಂಟು ತುಂಬಿದೆಯೆಂದು ಹೇಳುವುದಕ್ಕೆ ಹಲ್ಲುಗಳಲ್ಲಿ ಆಧಾರವಿಲ್ಲವೆಂದೂ ಬರೆದರು. ಬಂದಿದ್ದ ಅಧಿಕಾರಿಯು ಒಂದೇ ಅಂಕಿಯನ್ನು ಬರೆದುಕೊಟ್ಟರೆ ತಮ್ಮ ಕೆಲಸವು ಸುಲಭವಾಗುವುದೆಂದು ವಿನಯದಿಂದಲೇ ಕೇಳಿದರು. "ಇದ್ದಷ್ಟನ್ನು ಹೇಳಿದ್ದೇನೆ, ಇದಕ್ಕಿಂತ ಹೆಚ್ಚು ಬೇಕಾದರೆ ನಾನು ಕಟ್ಟಿ ಹೇಳಬೇಕಾಗುತ್ತದೆ" ಎಂದು ಅವರು ಉತ್ತರವಿತ್ತರು. ನನಗೂ ಆ ಹುಡುಗಿಯ ಮುಖವನ್ನು ನೋಡಿ, ಹದಿನಾರೆಂದು ಬರೆದುಬಿಟ್ಟರೆ ಇವಳಿಗೆ ಒಳ್ಳೆಯದಾಗುವುದಲ್ಲವೇ ಎಂಬ ಆಸೆ ಉಂಟಾಯಿತು. ದಾರಿಯಲ್ಲಿ ಅಧ್ಯಾಪಕಿಯವರು ಅದನ್ನು ಊಹಿಸಿದವರಂತೆ, "ಇಂದು ಒಳ್ಳೆಯದಕ್ಕಾಗಿ ಒಂದು ವರ್ಷವನ್ನು ತಗ್ಗಿಸಿದರೆ, ನಾಳೆ ಕೆಟ್ಟದ್ದಕ್ಕಾಗಿ ಒಂದು ವರ್ಷವನ್ನು ಏರಿಸೆಂದು ಕೇಳುವವನಿಗೆ ಏನೆಂದು ಉತ್ತರ ಕೊಡುವೆ? ನಾವು ಬರೆದ ಸಂದೇಹವೂ ಅವಳಿಗೆ ರಕ್ಷೆಯೇ" ಎಂದರು. ಹೊರಡುವಾಗ ಆ ಹುಡುಗಿಯು ನನ್ನನ್ನು ಕೇಳಿದ ಪ್ರಶ್ನೆ ಮಾತ್ರ ಇಂದಿಗೂ ನನ್ನ ಕಿವಿಯಲ್ಲಿದೆ. ಮೊಕದ್ದಮೆಯ ಮಾತನ್ನು ಅವಳು ಕೇಳಲಿಲ್ಲ. ತನಗೆ ನಿಜವಾಗಿ ಎಷ್ಟು ವಯಸ್ಸೆಂದು ಕೇಳಿದಳು. ಅವಳಿಗೆ ಅದನ್ನು ಯಾರೂ ಎಂದೂ ಹೇಳಿರಲಿಲ್ಲ.

ರಜೆಯಲ್ಲಿ ಬಸವಕಲ್ಯಾಣಕ್ಕೆ ಹೋದಾಗ, ಅಲ್ಲಿ ವಕೀಲಿ ಮಾಡುತ್ತಿರುವ ನಮ್ಮ ಸೋದರಮಾವನವರಿಗೆ ಈ ಸಂಗತಿಯನ್ನು ಹೇಳಿದೆನು. ಅವರು ನಕ್ಕು, ನಮ್ಮ ಊರಿಗೆ ಇದೇನೂ ಹೊಸ ಚರ್ಚೆಯಲ್ಲವೆಂದರು. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು ೧೦೭೬ರಿಂದ ೧೧೨೬ರವರೆಗೆ ಕಲ್ಯಾಣದಲ್ಲಿ ಆಳುತ್ತಿದ್ದಾಗ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ರಚಿಸಿದನು. ಹಿಂದೂ ಕುಟುಂಬಗಳ ಆಸ್ತಿಯ ವಿಷಯದಲ್ಲಿ ನಮ್ಮ ನ್ಯಾಯಸ್ಥಾನಗಳು ಅದರ ಹೆಸರನ್ನು ಈಗಲೂ ಹೇಳುತ್ತವೆ. ವಿವಾದದಲ್ಲಿ ಬರೆಹ, ಅನುಭೋಗ, ಸಾಕ್ಷಿಗಳು ಎಂಬ ಮೂರು ಪ್ರಮಾಣಗಳನ್ನು ಆ ಶಾಸ್ತ್ರವು ಹೇಳುತ್ತದೆ. ಇವು ಯಾವುವೂ ಇಲ್ಲದಿದ್ದರೆ ಮಾತ್ರ ತಕ್ಕಡಿ, ಬೆಂಕಿ, ನೀರು, ವಿಷ ಮೊದಲಾದ ದಿವ್ಯಗಳಿಗೆ ಎಡೆ. "ನಿನ್ನ ಹಲ್ಲು ಇವುಗಳಲ್ಲಿ ಯಾವುದು?" ಎಂದು ಮಾವನವರು ಕೇಳಿದರು. ಹಲ್ಲು ಒಂದು ವಿಧದಲ್ಲಿ ಬರೆಹವೇ. ಆದರೆ ಅದನ್ನು ಓದುವವರು ಮನುಷ್ಯರು. ಓದುವವನು ತಾನು ಕಂಡುದಕ್ಕಿಂತ ಹೆಚ್ಚಾಗಿ ಹೇಳತೊಡಗಿ, ಕೇಳುವವರು ಅದನ್ನು ಪ್ರಶ್ನಿಸದೆ ನಂಬಿದರೆ, ಅದು ಬರೆಹವಾಗಿ ಉಳಿಯದೆ ಹಿಂದಿನ ಕಾಲದ ದಿವ್ಯದಂತೆಯೇ ಆಗುವುದೆಂದು ನಾನು ಉತ್ತರ ಕೊಟ್ಟೆನು.

ಹಾಗೆ ಆಗಿರುವುದೂ ಉಂಟು. ಕಚ್ಚಿದ ಗುರುತಿನ ವಿಷಯವೇ ಅದಕ್ಕೆ ನಿದರ್ಶನ. ಚರ್ಮವು ಮೇಣದಂತಲ್ಲ, ಅದು ಎಳೆಯುತ್ತದೆ, ಊದುತ್ತದೆ, ಬಣ್ಣಗೆಡುತ್ತದೆ. ಅಮೆರಿಕಾ ದೇಶದ ರೇ ಕ್ರೋನ್ ಎಂಬವನು, ಕೊಲೆಯಾದ ಸ್ತ್ರೀಯ ಮೈಮೇಲಿನ ಗುರುತು ಇವನ ಹಲ್ಲಿನದೇ ಎಂದು ತಜ್ಞನು ನುಡಿದುದರಿಂದ ೧೯೯೨ರಲ್ಲಿ ಅಪರಾಧಿಯೆನಿಸಿ ಮರಣದಂಡನೆಗೆ ಗುರಿಯಾದನು. ಹತ್ತು ವರ್ಷಗಳಿಗೂ ಮೀರಿ ಸೆರೆಯಲ್ಲಿದ್ದ ಬಳಿಕ ೨೦೦೨ರಲ್ಲಿ ಡಿ.ಎನ್.ಎ. ಪರೀಕ್ಷೆಯು ಬೇರೊಬ್ಬನನ್ನು ತೋರಿಸಿದ್ದರಿಂದ ಅವನಿಗೆ ಬಿಡುಗಡೆಯಾಯಿತು. ಕಚ್ಚಿದ ಗುರುತಿನ ಮೇಲಿಂದ ಒಬ್ಬನನ್ನೇ ನಿಶ್ಚಯವಾಗಿ ಬೊಟ್ಟು ಮಾಡಿ ತೋರಿಸುವುದಕ್ಕೆ ಸಾಕಷ್ಟು ಶಾಸ್ತ್ರೀಯ ಆಧಾರವಿಲ್ಲವೆಂದು ಆ ದೇಶದ ವಿಜ್ಞಾನಿಗಳ ಮಂಡಲಿಗಳು ೨೦೦೯ರಲ್ಲಿಯೂ ೨೦೧೬ರಲ್ಲಿಯೂ ಹೇಳಿದವು. ನಮ್ಮ ದೇಶದಲ್ಲಿ ೨೦೧೨ರ ಡಿಸೆಂಬರ್ ೧೬ರ ರಾತ್ರಿ ದೆಹಲಿಯ ಬಸ್ಸಿನಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ನಡೆದ ಘೋರಕೃತ್ಯದ ಮೊಕದ್ದಮೆಯಲ್ಲಿ, ಕಚ್ಚಿದ ಗುರುತುಗಳ ಚಿತ್ರಗಳು ಧಾರವಾಡಕ್ಕೆ ಬಂದು, ಡಾ. ಆಚಾರ್ಯರು ಸಾಕ್ಷ್ಯವಿತ್ತರು. ಸುಪ್ರೀಂ ಕೋರ್ಟು ೨೦೧೭ರ ಮೇ ೫ರ ತನ್ನ ತೀರ್ಪಿನಲ್ಲಿ ಅದನ್ನು ಅಂಗೀಕರಿಸಿತು. ಆದರೆ ಅಲ್ಲಿ ಆ ಹೆಣ್ಣುಮಗಳ ಮರಣಪೂರ್ವದ ಹೇಳಿಕೆಗಳು, ಅವಳ ಜೊತೆಗಿದ್ದವನ ಸಾಕ್ಷ್ಯ, ಡಿ.ಎನ್.ಎ. ಪರೀಕ್ಷೆ ಇವೆಲ್ಲ ಒಂದಕ್ಕೊಂದು ಬೆಂಬಲವಾಗಿದ್ದವು. ಹತ್ತು ಸಾಕ್ಷಿಗಳ ನಡುವೆ ಹಲ್ಲು ತಾನೂ ಒಂದಾಗಿ ನಿಲ್ಲುವುದು ಬೇರೆ. ತಾನೊಂದೇ ಒಬ್ಬನ ಕೊರಳನ್ನು ಹಿಡಿಯುವುದು ಬೇರೆ. ಪರೀಕ್ಷೆಗಳಲ್ಲಿ ಎಷ್ಟು ಅಂಕಗಳನ್ನು ಪಡೆದರೂ ಈ ವಿವೇಕವು ಬಾರದವನು ಈ ವೃತ್ತಿಗೆ ತಕ್ಕವನಲ್ಲವೆಂದು ನಮ್ಮ ಗುರುಗಳು ಹೇಳುತ್ತಿದ್ದರು.

ಈಗ ನಾನು ಹುಮನಾಬಾದಿಗೆ ಹಿಂದಿರುಗಿ ದಂತವೈದ್ಯೆಯಾಗಿ ಕೆಲಸ ಮಾಡುತ್ತಿರುವೆನು. ನ್ಯಾಯದಂತಶಾಸ್ತ್ರವೊಂದನ್ನೇ ನಂಬಿ ಜೀವನ ಸಾಗಿಸುವವರು ನಮ್ಮ ದೇಶದಲ್ಲಿ ವಿರಳ. ಹೆಚ್ಚಿನವರು ಕಾಲೇಜುಗಳಲ್ಲಿ ಬೋಧಿಸುತ್ತ, ಕರೆ ಬಂದಾಗ ಪರೀಕ್ಷೆಗೆ ಹೋಗುವರು. ಇದನ್ನು ಮುಚ್ಚಿಡದೆ ಹೇಳುವುದು ನನ್ನ ಕರ್ತವ್ಯ. ಆದರೂ ಕಾಲವು ಬದಲಾಗುತ್ತಿದೆ. ೨೦೨೪ನೆಯ ಇಸವಿಯ ಜುಲೈ ಒಂದರಿಂದ ಜಾರಿಗೆ ಬಂದ ಹೊಸ ದಂಡಪ್ರಕ್ರಿಯೆಯ ಕಾನೂನು, ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಗೆ ತಕ್ಕ ಅಪರಾಧಗಳಲ್ಲಿ ವಿಧಿವಿಜ್ಞಾನದ ತಜ್ಞರು ಸ್ಥಳಕ್ಕೆ ಹೋಗತಕ್ಕದ್ದೆಂದು ವಿಧಿಸಿದೆ. ಗಾಂಧಿನಗರದ ವಿಶ್ವವಿದ್ಯಾನಿಲಯದ ಒಂದು ಶಾಖೆಯು ಈಗ ಧಾರವಾಡದಲ್ಲಿಯೂ ಇದೆ. ವಿಜ್ಞಾನದಲ್ಲಿ ಆಸಕ್ತಿಯುಳ್ಳ ತಂಗಿಯರು ಹೆದರದೆ ಇತ್ತ ಮನಸ್ಸು ಮಾಡಬಹುದು. ಶವವನ್ನು ನೋಡಲಾರೆವೆಂಬ ಅಂಜಿಕೆ ಎಲ್ಲರಿಗೂ ಇರುತ್ತದೆ, ನನಗೂ ಇದ್ದಿತು. ಆದರೆ ಅದು ಯಾರದೋ ಮಗ, ಯಾರದೋ ತಾಯಿ, ಮನೆಯಲ್ಲಿ ಯಾರೋ ಕಾಯುತ್ತಿರುವರು ಎಂಬ ನೆನಪು ಬಂದೊಡನೆ ಅಂಜಿಕೆಯು ಹಿಂದೆ ಸರಿಯುತ್ತದೆ.

ಕಡೆಯದಾಗಿ ನಮ್ಮ ಉಪಾಧ್ಯಾಯಿನಿಯರಲ್ಲಿ ಒಂದು ವಿಜ್ಞಾಪನೆ. ೨೦೧೫ರ ಬಾಲನ್ಯಾಯದ ಕಾಯಿದೆಯ ೯೪ನೆಯ ಕಲಮಿನ ಪ್ರಕಾರ, ವಯಸ್ಸಿನ ವಿವಾದ ಬಂದಾಗ ಮೊದಲು ನೋಡತಕ್ಕದ್ದು ಶಾಲೆಯು ಕೊಟ್ಟ ಜನ್ಮದಿನಾಂಕದ ಪತ್ರ ಅಥವಾ ಮೆಟ್ರಿಕ್ಯುಲೇಷನ್ ಪ್ರಮಾಣಪತ್ರ. ಅದು ಇಲ್ಲದಿದ್ದರೆ ಪುರಸಭೆಯದೋ ಪಂಚಾಯತಿಯದೋ ಜನನಪತ್ರ. ಇವೆರಡೂ ಇಲ್ಲದಾಗ ಮಾತ್ರ ವೈದ್ಯಪರೀಕ್ಷೆ. ಅಂದರೆ ನಾನು ಅಷ್ಟು ವರ್ಷ ಕಷ್ಟಪಟ್ಟು ಕಲಿತ ವಿದ್ಯೆಯು ಮೂರನೆಯ ಸ್ಥಾನದಲ್ಲಿ ನಿಲ್ಲುತ್ತದೆ. ಪ್ರವೇಶದ ಪುಸ್ತಕದಲ್ಲಿ ನೀವು ಬರೆಯುವ ಒಂದು ಸಾಲು ಮೊದಲನೆಯ ಸ್ಥಾನದಲ್ಲಿ ನಿಲ್ಲುತ್ತದೆ. ಅದು ಹೀಗೆಯೇ ಇರುವುದು ನ್ಯಾಯವೆಂದು ನಾನು ಎಣಿಸುತ್ತೇನೆ. ಆದ್ದರಿಂದ ಮಗುವನ್ನು ಸೇರಿಸಲು ಬಂದ ತಾಯಿಗೆ ದಿನ ನೆನಪಿಲ್ಲದಿದ್ದರೆ, ಅನುಕೂಲವಾದ ಒಂದು ತಾರೀಖನ್ನು ಹಾಕಿ ಮುಗಿಸದೆ, ಆಸ್ಪತ್ರೆಯ ಚೀಟಿಯನ್ನೋ ಲಸಿಕೆಯ ಕಾರ್ಡನ್ನೋ ತರಿಸಿ ನೋಡಿರಿ. ಇಲ್ಲವೇ ಪಂಚಾಯತಿಯಿಂದ ಜನನಪತ್ರವನ್ನು ತರಿಸಿರಿ. ದಂತವೈದ್ಯರಾದ ನಾವೂ ಬಾಯಿಯನ್ನು ನೋಡಿದಾಗಲೆಲ್ಲ ಯಾವ ಹಲ್ಲಿಗೆ ಏನು ಮಾಡಿದೆವೆಂದು ಬರೆದು, ಆ ಬರೆಹವನ್ನು ಕಾಪಾಡಬೇಕು. ನನ್ನ ಆಸ್ಪತ್ರೆಯಲ್ಲಿ ಒಬ್ಬೊಬ್ಬ ರೋಗಿಗೂ ಒಂದೊಂದು ಚೀಟಿಯುಂಟು; ಅದರ ಒಂದು ಪ್ರತಿಯನ್ನು ಅವರ ಕೈಗೂ ಕೊಡುತ್ತೇನೆ. ಮನೆಗೆ ಒಯ್ದು ಅದನ್ನು ಏನು ಮಾಡಬೇಕೆಂದು ಕೇಳುವವರಿಗೆ, ರೇಶನ್ ಕಾರ್ಡಿನ ಜೊತೆಯಲ್ಲಿ ಇಡಿರೆಂದು ಹೇಳುತ್ತೇನೆ.